ನಿಮಗಿದು ಗೊತ್ತೇ? ಶಾಪ ಹೊತ್ತ ಹಬ್ಬದ ತಿನಿಸುಗಳು

ಮೇಜಿನ ಸುತ್ತ ಕೂತು ದಾಳ ಉರುಳಿಸುತ್ತ, ಮಾತಿನಲ್ಲೇ ಕಥೆ ಬೆಳೆಸುವ ಆಟಗಳ ಪೈಕಿ ಮೊದಲು ಮಾರುಕಟ್ಟೆಗೆ ಬಂದದ್ದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಈ ಆಟ 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಹೊರಟಿತು. ಮೊದಲ ಮುದ್ರಣ 1000 ಪೆಟ್ಟಿಗೆ, ಅಷ್ಟೇ. ಆಟಗಾರರು ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸುತ್ತಾರೆ. ಡಂಜನ್ ಮಾಸ್ಟರ್ ಆದವರು ಊರು, ಕಾಡು, ಅಂಗಡಿಯವರು, ರಾಕ್ಷಸರು ಎಲ್ಲವನ್ನೂ ನಡೆಸುತ್ತಾರೆ. ಹ್ಯಾಲೋವೀನ್, ಕ್ರಿಸ್‌ಮಸ್ ಬಂತೆಂದರೆ ಆಟದೊಳಗೂ ಹಬ್ಬ, ತಟ್ಟೆಯಲ್ಲಿ ಶಾಪ ಹೊತ್ತ ತಿನಿಸು. ಬೆಂಗಳೂರಿನಲ್ಲೂ ಈ ಆಟದ ಗುಂಪುಗಳಿವೆ. ಅಂಥ ಹಬ್ಬದಾಟ ನಡೆಸುವವರಿಗೆ, ತಿನಿಸಿನ ಹಿಂದಿನ ಕಥೆ ಕೆದಕುವ ಆಸೆಯಿರುವವರಿಗೆ ಈ ಸಲದ ಕಂತು.

ಆಟದ ಐದನೇ ಆವೃತ್ತಿಯ 2014ರ ನಿಯಮಗಳಲ್ಲಿ ವಸ್ತುವಿನ ಗುಣ ತಿಳಿಸುವ ‘ಐಡೆಂಟಿಫೈ’ ಎಂಬ ಮಂತ್ರವಿದೆ. ಆದರೆ ಆ ಮಂತ್ರಕ್ಕೂ ಶಾಪ ಸಾಮಾನ್ಯವಾಗಿ ಕಾಣಿಸುವುದಿಲ್ಲ! ಬಳಸಿದ ಮೇಲೇ ಗೊತ್ತಾಗುವುದು. ವಿಷದ ವಿಚಾರ ಬೇರೆ. ‘ಪೋಷನ್ ಆಫ್ ಪಾಯ್ಸನ್’ ಎಂಬ ಸೀಸೆಯ ಮದ್ದು ಬಣ್ಣ, ವಾಸನೆ, ರುಚಿ ಮೂರರಲ್ಲೂ ಗಾಯ ಮಾಯಿಸುವ ಮದ್ದನ್ನೇ ಹೋಲುತ್ತದೆ. ಅದರ ಗುಟ್ಟನ್ನು ಇದೇ ಮಂತ್ರ ಬಯಲು ಮಾಡುತ್ತದೆ. ಆಟ ಕಟ್ಟಿದವರ ಲೆಕ್ಕದಲ್ಲಿ ವಿಷಕ್ಕಿಂತ ಶಾಪ ಆಳ.

ಬಾಯಿಗಿಟ್ಟ ಕೂಡಲೇ ಪಾತ್ರ ಸತ್ತುಬೀಳುವಂಥ ತಿನಿಸನ್ನು ಶಾಪವೆನ್ನಲು ನನಗೆ ಮನಸ್ಸಿಲ್ಲ. ಅದು ಬರೀ ಬಲೆ. ತಿನ್ನುವ ಆಸೆ ಹುಟ್ಟಬೇಕು, ಕಣ್ಣಿಟ್ಟು ನೋಡಿದವರಿಗೆ ಸುಳಿವು ಸಿಗಬೇಕು, ತಿಂದವರಿಗೆ ಬಿಡುಗಡೆಯ ದಾರಿ ಇರಬೇಕು. ಲೋಕದ ಹಬ್ಬದ ಕಥೆಗಳಲ್ಲಿ ಈ ಮೂರೂ ಬೇಕಾದಷ್ಟಿವೆ, ಹೊಸದಾಗಿ ಹುಟ್ಟಿಸುವ ಶ್ರಮವೇ ಬೇಡ.

ಈ ಆಟದ ಅತ್ಯಂತ ಭಯಂಕರ ತಿನಿಸು 2016ರ ‘ಕರ್ಸ್ ಆಫ್ ಸ್ಟ್ರಾಡ್’ ಎಂಬ ಸಾಹಸಕಥೆಯಲ್ಲಿದೆ. ಬರೋವಿಯಾ ಎಂಬ ಮಂಜು ಮುಸುಕಿದ ನಾಡು. ಮಾರ್ಗಾಂಥಾ ಎಂಬ ಮುದುಕಿ ಮನೆಮನೆಗೆ ಹೋಗಿ ಬಿಸಿ ಪೇಸ್ಟ್ರಿ ಮಾರುತ್ತಾಳೆ. ತಿಂದವರು ಗಂಟೆಗಟ್ಟಲೆ ಮೈಮರೆತು, ದುಃಖವೇ ಇಲ್ಲದ ಲೋಕದ ಕನಸು ಕಾಣುತ್ತಾರೆ. ಎಚ್ಚರವಾದರೆ ಮತ್ತೆ ಅದೇ ಬಡತನ, ಅದೇ ಕತ್ತಲು. ಹಾಗಾಗಿ ಇನ್ನೊಂದು ಬೇಕು. ಕೈಯಲ್ಲಿ ಕಾಸು ಮುಗಿದಾಗ ಮುದುಕಿ ಬೆಲೆಯಾಗಿ ಕೇಳುವುದು ಆ ಮನೆಯ ಮಗುವನ್ನು. ಊರಾಚೆಯ ಹಳೇ ಗಾಳಿಗಿರಣಿಯಲ್ಲಿ ಅವಳು ಹೆಣ್ಣುಮಕ್ಕಳ ಜೊತೆ ಕೂತು ಬೀಸುವ ಹಿಟ್ಟು ಯಾವುದರದ್ದೆಂದು ಗಿರಣಿಯ ಹೆಸರೇ ಹೇಳುತ್ತದೆ: ‘ಓಲ್ಡ್ ಬೋನ್‌ಗ್ರೈಂಡರ್’. ಮೂಳೆ ಬೀಸುವ ಗಿರಣಿ.

ಇಲ್ಲಿ ಸುಳಿವನ್ನು ಎಷ್ಟು ಸಾಲಾಗಿ ಇಟ್ಟಿದ್ದಾರೆ ನೋಡಿ. ತುತ್ತಿಗೆ ಗತಿಯಿಲ್ಲದ ಊರಲ್ಲಿ ಬೆಣ್ಣೆಯ ಪರಿಮಳದ ಪೇಸ್ಟ್ರಿ ಎಲ್ಲಿಂದ ಬಂತು? ತಿಂದವರ ಕಣ್ಣು ಯಾಕೆ ಹಾಗೆ ತೇಲುತ್ತಿದೆ? ಬೀದಿಯಲ್ಲಿ ಮಕ್ಕಳು ಯಾಕಿಲ್ಲ? ಒಂದೊಂದೇ ಪ್ರಶ್ನೆ ಆಟಗಾರರ ಬಾಯಿಂದ ಹೊರಡುವವರೆಗೆ ಡಂಜನ್ ಮಾಸ್ಟರ್ ಕಾಯಬೇಕು. ಅಷ್ಟರಲ್ಲಿ ಗುಂಪಿನಲ್ಲೊಬ್ಬರು ಪೇಸ್ಟ್ರಿ ಕಚ್ಚಿರುತ್ತಾರೆ. 20 ಮುಖದ ದಾಳ ಉರುಳುತ್ತದೆ. ಅದು ನಿಂತು ಅಂಕಿ ಕಾಣುವವರೆಗೆ ಮೇಜಿನ ಸುತ್ತ ಯಾರೂ ಕದಲುವುದಿಲ್ಲ.

ಈ ಕಥೆಯ ಮೂಲ, 1983ರ ‘ರೇವನ್‌ಲಾಫ್ಟ್’. ಬರೆದವರು ಟ್ರೇಸಿ ಮತ್ತು ಲಾರಾ ಹಿಕ್‌ಮನ್ ದಂಪತಿ. ಪುಸ್ತಕವಾಗುವ ಮೊದಲು ಅದನ್ನು ಅವರು ಸ್ನೇಹಿತರೊಂದಿಗೆ ಹ್ಯಾಲೋವೀನ್ ಬಂದಾಗಲೆಲ್ಲ ಆಡುತ್ತಿದ್ದರು. ಹಬ್ಬದ ರಾತ್ರಿಯ ಆಟವೇ ಬೆಳೆದು ಇಷ್ಟು ದೊಡ್ಡದಾಯಿತು.

ಸಿ.ಎಸ್. ಲೂಯಿಸ್ ಅವರ ‘ದ ಲಯನ್, ದ ವಿಚ್ ಅಂಡ್ ದ ವಾರ್ಡ್‌ರೋಬ್’ (1950) ಕಾದಂಬರಿಯ ಟರ್ಕಿಷ್ ಡಿಲೈಟ್ ಗೊತ್ತಲ್ಲ? ಸದಾ ಚಳಿಗಾಲವಿದ್ದೂ ಕ್ರಿಸ್‌ಮಸ್ಸೇ ಬಾರದ ನಾಡಿನಲ್ಲಿ ಬಿಳಿ ಮಾಟಗಾತಿ ಎಡ್ಮಂಡ್ ಎಂಬ ಹುಡುಗನಿಗೆ ಕೊಡುವ ಮಿಠಾಯಿ ಅದು. ಒಮ್ಮೆ ತಿಂದವರು ಬೇಕು ಬೇಕೆನ್ನುತ್ತಲೇ ಇರುತ್ತಾರೆ, ಬಿಟ್ಟರೆ ತಿಂದೇ ಸಾಯುತ್ತಾರೆ. ಒಂದು ಡಬ್ಬಿಗಾಗಿ ಆ ಹುಡುಗ ಒಡಹುಟ್ಟಿದವರನ್ನೇ ಒಪ್ಪಿಸಲು ಹೊರಟ. ಪುಸ್ತಕ ಬಂದಾಗ ಬ್ರಿಟನ್ನಿನಲ್ಲಿ ಸಿಹಿತಿಂಡಿ ಇನ್ನೂ ರೇಷನ್‌ನಲ್ಲಿತ್ತು. ಆ ಕಟ್ಟುಪಾಡು ತೆಗೆದದ್ದು 1953ರ ಫೆಬ್ರುವರಿಯಲ್ಲಿ. ಮೊದಲ ಓದುಗ ಮಕ್ಕಳಿಗೆ ಎಡ್ಮಂಡ್‌ನ ಆಸೆಯನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಕ್ರಿಸ್ಟಿನಾ ರೊಸೆಟ್ಟಿ ಅವರ ‘ಗಾಬ್ಲಿನ್ ಮಾರ್ಕೆಟ್’ (1862) ಎಂಬ ಕವಿತೆಯಲ್ಲಿ ಶಾಪದ ಹಣ್ಣಿಗೆ ಲಾರಾ ಎಂಬ ಹುಡುಗಿ ಕೊಡುವ ಬೆಲೆ ಒಂದು ಎಳೆ ಚಿನ್ನದ ಬಣ್ಣದ ಕೂದಲು. ತಿಂದ ಮೇಲೆ ಹಣ್ಣು ಮಾರುವ ಗಾಬ್ಲಿನ್ ವ್ಯಾಪಾರಿಗಳ ಕೂಗು ಅವಳ ಕಿವಿಗೆ ಬೀಳುವುದೇ ಇಲ್ಲ! ಮತ್ತೆ ಕೊಳ್ಳುವ ದಾರಿಯೂ ಮುಚ್ಚಿ ಅವಳು ಸೊರಗುತ್ತಾಳೆ. ತಂಗಿ ಲಿಜ್ಜಿ ಏಟು ತಿಂದರೂ ಬಾಯಿ ತೆರೆಯದೆ, ಮುಖದ ತುಂಬ ಮೆತ್ತಿಸಿಕೊಂಡ ಹಣ್ಣಿನ ರಸವನ್ನೇ ಮನೆಗೆ ತಂದು ಅಕ್ಕನನ್ನು ಉಳಿಸುತ್ತಾಳೆ. ಬೆಲೆ, ಲಕ್ಷಣ, ಔಷಧ ಮೂರೂ ಒಂದೇ ಕಡೆ ಸಿಕ್ಕಿವೆ. ಆಟ ನಡೆಸುವವರಿಗೆ ಇದಕ್ಕಿಂತ ಒಳ್ಳೆಯ ಮಾದರಿ ನಾನು ಕಂಡಿಲ್ಲ.

ಭೂತಲೋಕದಲ್ಲಿ ಉಂಡವರು ವಾಪಸಾಗುವಂತಿಲ್ಲ ಎಂಬ ನಂಬಿಕೆ ಗ್ರೀಸಿನಲ್ಲೂ ಇತ್ತು, ಜಪಾನಿನಲ್ಲೂ ಇತ್ತು. ಪರ್ಸಿಫೋನೆ ತಿಂದ ದಾಳಿಂಬೆ ಬೀಜ ಹೋಮರನ ಹೆಸರಿನಲ್ಲಿರುವ ಸ್ತುತಿಯಲ್ಲಿ ಒಂದು, ರೋಮನ್ ಕವಿ ಓವಿಡ್‌ನಲ್ಲಿ ಏಳು. ಜಪಾನಿನ ಇಜಾನಾಮಿ ಯೋಮಿ ಲೋಕದ ಒಲೆಯಲ್ಲಿ ಬೆಂದದ್ದನ್ನು ಉಂಡು ಅಲ್ಲಿಯವಳೇ ಆದಳು. ಫಿನ್ಲೆಂಡಿನ ‘ಕಾಲೆವಾಲ’ದ ವೈನಾಮೊಯ್ನೆನ್ ಮಾತ್ರ ಜಾಣ. ಸತ್ತವರ ಲೋಕದಲ್ಲಿ ಕೊಟ್ಟ ಬಿಯರ್ ಪಾತ್ರೆಯೊಳಗೆ ಇಣುಕಿ, ಕಪ್ಪೆ ಹುಳ ಕಂಡು, ಬೇಡವೆಂದು ಕೈಬಿಟ್ಟ.

ನಮ್ಮ ಮಹಾಭಾರತದ ಆದಿಪರ್ವದ ಪ್ರಸಂಗವೂ ಇದೇ ಸಾಲಿನದು. ಗಂಗೆಯ ದಡದ ಪ್ರಮಾಣಕೋಟಿಯಲ್ಲಿ ಜಲಕ್ರೀಡೆ, ಭಾರಿ ಊಟ. ದುರ್ಯೋಧನ ಕಾಲಕೂಟ ಬೆರೆಸಿದ್ದನ್ನು ಭೀಮನಿಗೆ ತಾನೇ ಕೈಯಾರೆ ತಿನ್ನಿಸಿ, ಎಚ್ಚರ ತಪ್ಪಿದವನನ್ನು ಬಳ್ಳಿಯಲ್ಲಿ ಬಿಗಿದು ನೀರಿಗೆ ತಳ್ಳಿದ. ನಾಗಲೋಕದಲ್ಲಿ ಹಾವುಗಳು ಕಚ್ಚಿದ ವಿಷವೇ ಹೊಟ್ಟೆಯಲ್ಲಿದ್ದ ವಿಷವನ್ನು ಇಳಿಸಿತು. ಅಲ್ಲಿ ಎಂಟು ಕುಂಡ ರಸ ಕುಡಿದು, ಎಂಟನೇ ದಿನ ಎದ್ದವನಿಗೆ ಮೊದಲಿಗಿಂತ ಎಷ್ಟೋ ಪಾಲು ಬಲ. ಶಾಪದ ತಿನಿಸು ತಿಂದವನಿಗೆ ಕೊನೆಯಲ್ಲಿ ಏನಾದರೂ ಒಳ್ಳೆಯದು ದಕ್ಕಬೇಕೆನ್ನುವವರು ಈ ಕಥೆಯನ್ನು ನೆನೆಯಲಿ.

ಈಗ ನಿಜವಾಗಿ ನಡೆದ ದುರಂತವೊಂದು. 1858ರ ಅಕ್ಟೋಬರ್ 30, ಶನಿವಾರ. ಹ್ಯಾಲೋವೀನ್‌ಗೆ ಇನ್ನೊಂದೇ ದಿನ. ಇಂಗ್ಲೆಂಡಿನ ಬ್ರಾಡ್‌ಫರ್ಡ್ ಸಂತೆಯಲ್ಲಿ ‘ಹಂಬಗ್ ಬಿಲ್ಲಿ’ ಎಂದೇ ಹೆಸರಾಗಿದ್ದ ವಿಲಿಯಂ ಹಾರ್ಡೇಕರ್ ಪೆಪ್ಪರ್‌ಮಿಂಟ್ ಮಿಠಾಯಿ ಮಾರಿದ. ಸಕ್ಕರೆ ದುಬಾರಿಯಾಗಿದ್ದ ಕಾಲ. ಮಿಠಾಯಿ ಮಾಡುವವರು ಸಕ್ಕರೆಗೆ ಜಿಪ್ಸಮ್‌ನಂಥ ಅಗ್ಗದ ಬಿಳಿ ಪುಡಿ ಬೆರೆಸುತ್ತಿದ್ದರು. ಅದನ್ನು ತರಲು ಶಿಪ್ಲಿಯ ಔಷಧ ಅಂಗಡಿಗೆ ಆಳು ಹೋದ. ಅಂಗಡಿಯವ ಹುಷಾರಿಲ್ಲದೆ ಮಲಗಿದ್ದ. ಸಹಾಯಕ ಅಟ್ಟ ಹತ್ತಿ, ಮೂಲೆಯ ಪೀಪಾಯಿಯಿಂದ 12 ಪೌಂಡ್ ತೂಗಿ ಕೊಟ್ಟ. ಅದು ಆರ್ಸೆನಿಕ್!

ಮಿಠಾಯಿಯ ಬಣ್ಣ ಎಂದಿನಂತಿಲ್ಲವೆಂಬುದು ಹಾರ್ಡೇಕರ್‌ಗೆ ಕಂಡಿತ್ತು. ಅದನ್ನೇ ಹೇಳಿ ಬೆಲೆಯಲ್ಲಿ ರಿಯಾಯಿತಿ ಪಡೆದ. ತಾನೂ ತಿಂದು ಕಾಯಿಲೆ ಬಿದ್ದ. ಸತ್ತವರು ಸುಮಾರು 20, ಹಾಸಿಗೆ ಹಿಡಿದವರು 200ಕ್ಕೂ ಹೆಚ್ಚು. ಮೊದಲೆರಡು ಮಕ್ಕಳ ಸಾವನ್ನು ಕಾಲರಾ ಅಂದುಕೊಂಡಿದ್ದರು. ಮೊಕದ್ದಮೆ ನಡೆಯಿತು, ಯಾರಿಗೂ ಶಿಕ್ಷೆಯಾಗಲಿಲ್ಲ. ಆದರೆ 1860ರ ಆಹಾರ ಕಲಬೆರಕೆ ಕಾಯ್ದೆಗೂ, ವಿಷ ಮಾರಾಟಕ್ಕೆ ಕಡಿವಾಣ ಹಾಕಿದ 1868ರ ಫಾರ್ಮಸಿ ಕಾಯ್ದೆಗೂ ಈ ಸಾವುಗಳು ಒತ್ತಾಸೆಯಾದವು.

ಈ ಸರಪಳಿಯಲ್ಲಿ ಕೊಲ್ಲಬೇಕೆಂದಿದ್ದವರು ಒಬ್ಬರೂ ಇಲ್ಲ. ಮಾಟಗಾತಿಯನ್ನು ಹುಡುಕಿ ಕೊಂದರೆ ಮುಗಿಯಿತು ಎಂದುಕೊಂಡ ಆಟಗಾರರಿಗೆ ಇಂಥದ್ದೊಂದು ಸಂತೆ, ಇಂಥದ್ದೊಂದು ಅಟ್ಟ ಕೊಟ್ಟು ನೋಡಿ. ವಿಚಾರಣೆಗೇ ಒಂದು ಸಂಜೆ ಸಾಲದು.

ಹ್ಯಾಲೋವೀನ್‌ನಲ್ಲಿ ಅಪರಿಚಿತರು ಮಕ್ಕಳ ಚಾಕೊಲೇಟಿಗೆ ವಿಷ ಹಾಕುತ್ತಾರೆಂಬ ಭಯ ಅಮೆರಿಕದಲ್ಲಿ ಪ್ರತಿ ವರ್ಷ ಏಳುತ್ತದೆ. ಸಮಾಜಶಾಸ್ತ್ರಜ್ಞ ಜೋಯೆಲ್ ಬೆಸ್ಟ್ 1958ರಿಂದೀಚಿನ ವರದಿಗಳನ್ನು ಜಾಲಾಡಿದರೂ, ಹಾಗೆ ಮನೆಮನೆ ಸುತ್ತಿ ಪಡೆದ ತಿನಿಸಿನಿಂದ ಅಪರಿಚಿತರ ಕೈಯಲ್ಲಿ ಮಗುವೊಂದು ಸತ್ತದ್ದಕ್ಕೆ ದೃಢಪಟ್ಟ ಉದಾಹರಣೆ ಅವರಿಗೆ ಸಿಗಲಿಲ್ಲ. ನಮ್ಮ ಕಡೆಯೂ ಯಾರೋ ಊಟದಲ್ಲಿ ‘ಮದ್ದು ಹಾಕಿದ್ದಾರೆ’ ಎಂಬ ಗುಮಾನಿ ಇದೆ, ಮದ್ದು ತೆಗೆಸಲು ಹೋಗುವವರೂ ಇದ್ದಾರೆ. ಆ ಗುಮಾನಿಯ ಬೆರಳು ಬಹಳ ಸಲ ತಿರುಗುವುದು ಪಕ್ಕದ ಮನೆಯ ಒಂಟಿ ಹೆಂಗಸಿನತ್ತ. ಅದನ್ನು ಹಾಗೇ ಎತ್ತಿ ಆಟಕ್ಕೆ ಹಾಕಬೇಡಿ. ಊರವರೆಲ್ಲ ದೂರುವ ಹೆಂಗಸು ನಿರಪರಾಧಿ ಎಂದು ಆಟಗಾರರೇ ಕಂಡುಕೊಳ್ಳುವಂತೆ ಕಥೆ ಹೆಣೆದರೆ ಸೊಗಸಾಗಿರುತ್ತದೆ.

ಐರ್ಲೆಂಡಿನ ಹ್ಯಾಲೋವೀನ್ ರೊಟ್ಟಿ ‘ಬಾರ್ಮ್‌ಬ್ರ್ಯಾಕ್’. ಒಣದ್ರಾಕ್ಷಿ ಹಾಕಿ ಬೇಯಿಸುವ ಈ ಸಿಹಿ ಬ್ರೆಡ್ಡಿನೊಳಗೆ ಹಿಂದೆ ಐದಾರು ವಸ್ತು ಹುದುಗಿಸುತ್ತಿದ್ದರು. ಉಂಗುರ ಸಿಕ್ಕವರಿಗೆ ವರ್ಷದೊಳಗೆ ಮದುವೆ, ಬಟಾಣಿ ಸಿಕ್ಕವರಿಗೆ ಮದುವೆ ಇಲ್ಲ, ಕಡ್ಡಿ ಸಿಕ್ಕರೆ ದಾಂಪತ್ಯದಲ್ಲಿ ಜಗಳ, ನಾಣ್ಯ ಸಿಕ್ಕರೆ ಸಂಪತ್ತು, ಚಿಂದಿ ಬಟ್ಟೆ ಸಿಕ್ಕರೆ ಬಡತನ. ದಾಳ ಹಾಕಿ ಫಲ ನೋಡುವ ಪಟ್ಟಿಯನ್ನು ಅಡುಗೆಮನೆ ಎಂದೋ ಬರೆದಿಟ್ಟಿದೆ!

ಫ್ರಾನ್ಸಿನಲ್ಲಿ ಜನವರಿ 6ರ ಹಬ್ಬದ ‘ಗಲೆತ್ ದೆ ರುವಾ’ ಕೇಕಿನೊಳಗೆ ಅವರೆ ಬೀಜದಂಥದ್ದೊಂದನ್ನು ಅಡಗಿಸುತ್ತಾರೆ. ಈಗ ಅದರ ಜಾಗಕ್ಕೆ ಪಿಂಗಾಣಿಯ ಪುಟ್ಟ ಗೊಂಬೆ ಬಂದಿದೆ. ಸಿಕ್ಕವರು ಆ ದಿನದ ರಾಜ. ಆದರೆ ಅಧ್ಯಕ್ಷರ ಎಲಿಸೇ ಅರಮನೆಗೆ ಹೋಗುವ ಕೇಕಿನಲ್ಲಿ ಆ ಗೊಂಬೆ ಇರುವುದಿಲ್ಲ. ಗಣರಾಜ್ಯದ ಅಧ್ಯಕ್ಷ ರಾಜನಾಗಬಾರದಲ್ಲ!

ಅಮೆರಿಕದ ಅಂಗಡಿಗಳಲ್ಲಿ ಒಳಗೆ ಆಟಿಕೆ ಇರುವ ಮಾಮೂಲಿ ಕಿಂಡರ್ ಚಾಕೊಲೇಟ್ ಮೊಟ್ಟೆ ಮಾರುವಂತಿಲ್ಲ. ತಿನಿಸಿನೊಳಗೆ ತಿನ್ನಲಾಗದ ವಸ್ತು ಹುದುಗಿಸಬಾರದೆಂದು 1938ರ ಕಾಯ್ದೆ ಹೇಳುತ್ತದೆ.

ಇಂಗ್ಲೆಂಡಿನವರು ಕ್ರಿಸ್‌ಮಸ್ ಹಿಂದಿನ ರಾತ್ರಿ ‘ಸ್ನ್ಯಾಪ್‌ಡ್ರ್ಯಾಗನ್’ ಆಡುತ್ತಿದ್ದರು. ಅಗಲ ಬಟ್ಟಲಲ್ಲಿ ಬ್ರಾಂಡಿ, ಅದರಲ್ಲಿ ಒಣದ್ರಾಕ್ಷಿ. ದೀಪ ಆರಿಸಿ, ಬ್ರಾಂಡಿಗೆ ಬೆಂಕಿ ಹಚ್ಚಿ, ನೀಲಿ ಜ್ವಾಲೆಯೊಳಗೆ ಕೈಹಾಕಿ ದ್ರಾಕ್ಷಿ ಕಿತ್ತು ಉರಿಯುತ್ತಿರುವಾಗಲೇ ಬಾಯಿಗೆಸೆದುಕೊಳ್ಳಬೇಕು. ಸುತ್ತಲಿನ ಮುಖಗಳು ಇನ್ನಷ್ಟು ವಿಕಾರವಾಗಿ ಕಾಣಲೆಂದು ಉಪ್ಪನ್ನೂ ಎರಚುತ್ತಿದ್ದರು. ಲೂಯಿಸ್ ಕ್ಯಾರೊಲ್ 1871ರ ‘ಥ್ರೂ ದ ಲುಕಿಂಗ್ ಗ್ಲಾಸ್’ನಲ್ಲಿ ಇದರಿಂದಲೇ ಒಂದು ಕೀಟ ಸೃಷ್ಟಿಸಿದ: ಮೈ ಪ್ಲಮ್ ಪುಡ್ಡಿಂಗ್, ರೆಕ್ಕೆ ಹಾಲಿ ಗಿಡದ ಎಲೆ, ತಲೆ ಬ್ರಾಂಡಿಯಲ್ಲಿ ಉರಿಯುವ ದ್ರಾಕ್ಷಿ. ನಿಮ್ಮ ಆಟಕ್ಕೆ ಸಿದ್ಧ ರಾಕ್ಷಸ. (ಆಟದೊಳಗೆ ಮಾತ್ರ, ಮನೆಯಲ್ಲಿ ಈ ಬೆಂಕಿಯಾಟ ಬೇಡವೇ ಬೇಡ.)

ಜಿಂಜರ್‌ಬ್ರೆಡ್ ಮನೆ ಎಂದರೆ ಹ್ಯಾನ್ಸೆಲ್ ಮತ್ತು ಗ್ರೆಟೆಲ್. 1812ರಲ್ಲಿ ಗ್ರಿಮ್ ಸಹೋದರರು ಅಚ್ಚು ಹಾಕಿಸಿದ ಕಥೆಯಲ್ಲಿ ಮನೆ ಬ್ರೆಡ್ಡಿನದು, ಸೂರು ಕೇಕಿನದು, ಕಿಟಕಿ ಸಕ್ಕರೆಯದು. ಸಂಗೀತ ಸಂಯೋಜಕ ಹುಂಪರ್ಡಿಂಕ್ ಇದೇ ಕಥೆಯನ್ನು ಸಂಗೀತನಾಟಕ ಮಾಡಿದ. ಮೊದಲ ಪ್ರದರ್ಶನ 1893ರ ಡಿಸೆಂಬರ್ 23ರಂದು ವೈಮರ್‌ನಲ್ಲಿ. ಅಂದಿನಿಂದ ಅದು ಕ್ರಿಸ್‌ಮಸ್ ಕಾಲದ ನಾಟಕವಾಗಿಬಿಟ್ಟಿದೆ.

ಕೆಲವು ತಿನಿಸುಗಳಿಗೆ ಮಾಟವೇ ಬೇಕಿಲ್ಲ. ಹಬ್ಬದ ಎಗ್‌ನಾಗ್ ಮೇಲೆ ಉದುರಿಸುವ ಜಾಯಿಕಾಯಿ ಚಿಟಿಕೆಯಷ್ಟಿದ್ದರೆ ಪರಿಮಳ. ಚಮಚಗಟ್ಟಲೆ ಹೊಟ್ಟೆಗೆ ಹೋದರೆ ವಾಂತಿ, ಎದೆ ಬಡಿತ, ಇಲ್ಲದ್ದು ಕಾಣುವ ಭ್ರಮೆ. ಕಪ್ಪು ಲಿಕರಿಸ್ ಮಿಠಾಯಿಯಲ್ಲಿರುವುದು ನಮ್ಮ ಜ್ಯೇಷ್ಠಮಧು. 40 ದಾಟಿದವರು ದಿನಕ್ಕೆ ಎರಡು ಔನ್ಸಿನಂತೆ ಎರಡು ವಾರ ತಿಂದರೆ ಹೃದಯದ ಬಡಿತದ ಲಯ ತಪ್ಪಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವೇ ಎಚ್ಚರಿಸಿದೆ. ನಾರ್ವೆಯ ಹಬ್ಬದ ಮೀನು ‘ಲೂಟೆಫಿಸ್ಕ್’ ಅನ್ನು ಕಡು ಕ್ಷಾರದಲ್ಲಿ ನೆನೆಸುತ್ತಾರೆ. ಹೊತ್ತು ಮೀರಿದರೆ ಅದರ ಕೊಬ್ಬು ಸಾಬೂನಾಗತೊಡಗುತ್ತದೆ.

ಆಟದಲ್ಲಿ ಹಸಿವು ನೀಗಿಸುವ, ಗಾಯ ಮಾಯಿಸುವ ‘ಗುಡ್‌ಬೆರಿ’ ಹಣ್ಣು ಬರಿಸಲು ಮಿಸಲ್‌ಟೋ ಕಡ್ಡಿ ಬೇಕು. ನಿಜದ ಮಿಸಲ್‌ಟೋ ವಿಷದ ಗಿಡ, ನಾರ್ಸ್ ಪುರಾಣದಲ್ಲಿ ಬಾಲ್ಡರ್ ದೇವನ ಪ್ರಾಣ ತೆಗೆದದ್ದೂ ಅದೇ.

‘ಆಲ್ಕೆಮಿ ಜಗ್’ ಎಂಬ ಮಾಂತ್ರಿಕ ಹೂಜಿಯಿಂದ ದಿನಕ್ಕೆ ಎರಡು ಗ್ಯಾಲನ್ ಮೇಯನೇಸ್ ಸುರಿಸಬಹುದು! ಜೇನು ಕೇಳಿದರೆ ಒಂದೇ ಗ್ಯಾಲನ್, ವಿಷವಾದರೆ ಅರ್ಧ ಔನ್ಸ್.

‘ಬ್ಯಾಗ್ ಆಫ್ ಬೀನ್ಸ್’ ಚೀಲದ ಬೀಜ ನೆಟ್ಟರೆ, ದಾಳ ಒಲಿದರೆ ಹಣ್ಣಿನ ಮರ ಹುಟ್ಟುತ್ತದೆ. 20ಕ್ಕೂ ಹೆಚ್ಚು ಹಣ್ಣು. ಕೆಲವು ಮಾಂತ್ರಿಕ ಮದ್ದು, ಒಂದು ಮಾತ್ರ ವಿಷ. ಒಂದು ಗಂಟೆಯಲ್ಲಿ ಮರ ಮಾಯ. ಹಬ್ಬದ ಗುಂಪು ಕೂತು ಯಾವುದನ್ನು ಕೀಳುವುದೆಂದು ಜಗಳಾಡುವಾಗ ಸಮಯ ಓಡುತ್ತಿರುತ್ತದೆ.

ಐಸ್ಲೆಂಡಿನಲ್ಲಿ ಕ್ರಿಸ್‌ಮಸ್ ತಾತ ಒಬ್ಬನಲ್ಲ, 13 ಮಂದಿ ಪುಂಡ ಅಣ್ಣತಮ್ಮಂದಿರು. ಡಿಸೆಂಬರ್ 12ರಿಂದ ರಾತ್ರಿಗೊಬ್ಬರಂತೆ ಬೆಟ್ಟ ಇಳಿಯುತ್ತಾರೆ. ಒಬ್ಬ ಮೊಸರಿನಂಥ ಸ್ಕಿರ್ ಕಬಳಿಸುತ್ತಾನೆ, ಒಬ್ಬ ಸಾಸೇಜ್ ಕದಿಯುತ್ತಾನೆ, ಒಬ್ಬ ಪಾತ್ರೆ ತಳ ಕೆರೆಯುತ್ತಾನೆ, ಕೊನೆಯವ ಮೇಣದಬತ್ತಿ ಹೊಡೆಯುತ್ತಾನೆ. ಆಗಿನ ಬತ್ತಿ ಪ್ರಾಣಿಕೊಬ್ಬಿನದು, ತಿನ್ನಲು ಬರುತ್ತಿತ್ತು. ತಾಯಿ ಗ್ರೀಲಾ ಹಟಮಾರಿ ಮಕ್ಕಳನ್ನು ಹಂಡೆಗೆ ಹಾಕುವವಳು. ಇಂಥ ಭೂತಗಳ ಹೆಸರು ಹೇಳಿ ಮಕ್ಕಳನ್ನು ಹೆದರಿಸಬಾರದೆಂದು 1746ರಲ್ಲಿ ಸರ್ಕಾರಿ ಆಜ್ಞೆಯೇ ಹೊರಟಿತು.

ನಾರ್ವೆಯ ‘ನಿಸ್ಸೆ’ ಹೊಲಮನೆ ಕಾಯುವ ಕುಳ್ಳ. ಕ್ರಿಸ್‌ಮಸ್ ರಾತ್ರಿ ಅವನಿಗೆ ಬೆಣ್ಣೆ ಹಾಕಿದ ಗಂಜಿ ಇಡಬೇಕು. ಒಬ್ಬಳು ಕೆಲಸದ ಹುಡುಗಿ ತಮಾಷೆಗೆಂದು ಬೆಣ್ಣೆಯನ್ನು ಬಟ್ಟಲ ತಳದಲ್ಲಿಟ್ಟು ಮೇಲೆ ಗಂಜಿ ಸುರಿದಳಂತೆ. ಬೆಣ್ಣೆ ಕಾಣದ ನಿಸ್ಸೆ ಸಿಟ್ಟಿನಲ್ಲಿ ಕೊಟ್ಟಿಗೆಗೆ ಹೋಗಿ ಹಸುವನ್ನು ಕೊಂದ. ವಾಪಸು ಬಂದು ಗಂಜಿ ಮುಗಿಸುತ್ತ ಹೋದಂತೆ ತಳದಲ್ಲಿ ಬೆಣ್ಣೆ ಸಿಕ್ಕಿತು. ಪಶ್ಚಾತ್ತಾಪಪಟ್ಟು, ಪಕ್ಕದ ಹೊಲಮನೆಯಿಂದ ಅಂಥದ್ದೇ ಹಸು ತಂದು ಕಟ್ಟಿದ! ಈಗ ನೆರೆಮನೆಯವನಿಗೆ ಹಸು ಇಲ್ಲ. ಅವನು ಆಟಗಾರರ ಬಳಿ ದೂರು ತರುವಲ್ಲಿಂದ ಕಥೆ ಶುರುಮಾಡಿ.

ಮೇಜಿನ ಮೇಲಿಡುವ ನಿಜದ ತಿಂಡಿಗೂ ನಿಯಮ ಬೇಕು. ಶೇಂಗಾ, ಬಾದಾಮಿ, ಹಾಲು, ಮೊಟ್ಟೆ ಯಾರಿಗೆ ಆಗದೆಂದು ಮೊದಲೇ ಕೇಳಿ. ಕಥೆಯ ಗುಟ್ಟು ತಟ್ಟೆಗೆ ಬರಬಾರದು. ಮಕ್ಕಳ ಸಾವು, ವ್ಯಸನ ಎಲ್ಲರಿಗೂ ಸಹ್ಯವಾಗುವ ವಿಷಯವಲ್ಲ. ಜಾನ್ ಸ್ಟಾವ್ರೊಪೌಲೋಸ್ ರೂಪಿಸಿದ ‘ಎಕ್ಸ್ ಕಾರ್ಡ್’ ಇದಕ್ಕೇ ಇರುವುದು. ಎಕ್ಸ್ ಎಂದು ಬರೆದ ಚೀಟಿ ಮೇಜಿನ ನಡುವೆ ಇರುತ್ತದೆ. ಯಾರು ಮುಟ್ಟಿದರೂ, ಕಾರಣ ಕೇಳದೆ, ಆ ಪ್ರಸಂಗವನ್ನು ಅಲ್ಲಿಗೇ ಕೈಬಿಡುತ್ತಾರೆ.

ಶಾಪ ಬಿಡಿಸುವ ‘ರಿಮೂವ್ ಕರ್ಸ್’ ಮೂರನೇ ಮಟ್ಟದ ಮಂತ್ರ. ಪೂಜಾರಿ ಪಾತ್ರಕ್ಕೆ ಅದು ದಕ್ಕುವುದು ಐದನೇ ಹಂತಕ್ಕೆ ಏರಿದ ಮೇಲೆ. ಹೊಸ ಆಟಗಾರರಿಗೆ ಶಾಪದ ತಿನಿಸು ಕೊಡುವುದಾದರೆ ಮಂತ್ರವಿಲ್ಲದ ಪರಿಹಾರವನ್ನೂ ಊರೊಳಗೆ ಎಲ್ಲಾದರೂ ಇಟ್ಟಿರಬೇಕು. ಅದಕ್ಕೆ ಗ್ರೀಕರ ‘ಕಲಿಕಾಂಜರಿ’ ಪಿಶಾಚಿಗಳ ಕಥೆ ಒದಗುತ್ತದೆ. ವರ್ಷವಿಡೀ ಪಾತಾಳದಲ್ಲಿ ಕೂತು ಲೋಕವನ್ನು ಹೊತ್ತ ಮರವನ್ನು ಗರಗಸದಲ್ಲಿ ಕೊಯ್ಯುವ ಇವು, ಕ್ರಿಸ್‌ಮಸ್‌ನಿಂದ ಜನವರಿ 6ರವರೆಗಿನ 12 ದಿನ ಮೇಲೆ ಬಂದು ಮನೆಗಳಲ್ಲಿ ದಾಂಧಲೆ ಎಬ್ಬಿಸುತ್ತವೆ. ಅಷ್ಟರಲ್ಲಿ ಮರದ ಗಾಯ ಮಾಯುತ್ತದೆ. ಬಾಗಿಲಲ್ಲಿ ತೂತಿನ ಜರಡಿಪಾತ್ರೆ ಇಟ್ಟರೆ ತೂತು ಎಣಿಸುತ್ತ ಕೂರುತ್ತವೆ, ಮೂರು ಪವಿತ್ರ ಸಂಖ್ಯೆಯಾದ್ದರಿಂದ ಎರಡರಾಚೆ ಹೋಗಲಾರವು. ಸೈಪ್ರಸ್‌ನಲ್ಲಿ ಹಬ್ಬದ ಕೊನೆಗೆ ಹಿಟ್ಟಿನ ಉಂಡೆ ಕರಿದು, ಪಾಕದಲ್ಲಿ ಅದ್ದಿ, ಮನೆಯ ಸೂರಿನ ಮೇಲೆ ಎಸೆಯುತ್ತಾರೆ. ಪಿಶಾಚಿಗಳು ಅದನ್ನು ತಿಂದು ಹೊರಟುಹೋಗುತ್ತವೆಂದು ನಂಬಿಕೆ. ನಿಮ್ಮ ಆಟಗಾರರ ಕೈಗೂ ಕತ್ತಿಯ ಬದಲು ಬಾಣಲೆ ಕೊಡಿ. ಹಿಟ್ಟು ಯಾರ ಮನೆಯಲ್ಲಿದೆ, ಜೇನು ಯಾವ ಕಾಡಿನಲ್ಲಿದೆ, ಎಣ್ಣೆ ಎಷ್ಟು ಉಳಿದಿದೆ ಎಂದು ಊರೆಲ್ಲ ಅಲೆದು, ಜನವರಿ 6ರ ಸೂರ್ಯ ಮುಳುಗುವುದರೊಳಗೆ ಅವರು ಆ ಉಂಡೆ ಕರಿದು ಸೂರಿಗೆ ಎಸೆಯಲಿ.